ಎಡಗೈಗೊಂದು ಪ್ರೆಸ್ಸು

"ಈ ಸಲವೂ ಇಲ್ಲ ಅಂತಿದೆ, ಮ್ಯಾಮ್," ಅಂದ ಅಂಗಡಿಯವನು, ನನ್ನ ಲೈಸೆನ್ಸನ್ನು ಕೌಂಟರಿನ ಮೇಲೆ ನನ್ನ ಕಡೆಗೆ ಸರಿಸುತ್ತ.

ನಾನು ಕೇಳಿದ್ದು ಒಂದು ಡಬ್ಬಿ ತೋಟಾ. ನನ್ನ ರಿವಾಲ್ವರಿಗೆ ಹಾಕುವಂಥದ್ದು, ರೇಂಜಿನಲ್ಲಿ ಕಾಗದದ ಗುರಿಗೆ ಹೊಡೆಯುವುದಕ್ಕೆ. ನಮ್ಮ ಕ್ಯಾಲಿಫೋರ್ನಿಯಾದಲ್ಲಿ ತೋಟಾ ಕೊಳ್ಳುವವರ ಹೆಸರನ್ನು ಅಂಗಡಿಯವರು ಪ್ರತಿ ಸಲವೂ ಸರ್ಕಾರದ ಕಂಪ್ಯೂಟರಿಗೆ ಕಳಿಸಿ ಒಪ್ಪಿಗೆ ಪಡೆಯಬೇಕು. ಆ ನಿಯಮದ ಮೇಲೆ ನನಗೆ ತಕರಾರಿರಲಿಲ್ಲ. ತಕರಾರು ಇದ್ದದ್ದು ಆ ಕಂಪ್ಯೂಟರಿಗೆ, ನನ್ನ ಹೆಸರಿನ ಮೇಲೆ. ರಿವಾಲ್ವರು ಕೊಂಡಾಗ ನನ್ನ ಹೆಸರಿನ ನಡುವೆ ಅಪ್ಪನ ಹೆಸರಿತ್ತು, ಕೊನೆಗೆ ಹುಬ್ಬಳ್ಳಿಯ ನಮ್ಮ ಮನೆತನದ ಅಡ್ಡಹೆಸರು. ಆಮೇಲೆ ಸಿಟಿಜನ್ ಆದಾಗ ಅಡ್ಡಹೆಸರಿನ ಜಾಗದಲ್ಲಿ ಗಂಡನ ಹೆಸರು ಬಂದು ಕೂತಿತು. ಅದಾದ ಮೇಲೆ ಸನಿವೇಲಿನಿಂದ ಫ್ರೀಮಾಂಟಿಗೆ ಮನೆ ಬದಲಿಸಿ ಹೊಸ ಲೈಸೆನ್ಸು ಮಾಡಿಸಿದರೆ, ಜಾಗ ಸಾಲದೆ ಅಪ್ಪನ ಹೆಸರು ಅರ್ಧಕ್ಕೇ ತುಂಡಾಯಿತು. ಆ ರಿವಾಲ್ವರಿನ ಒಡತಿ ಬೇರೆ, ಈ ಕೌಂಟರಿನ ಮುಂದೆ ನಿಂತಿರುವ ಹೆಂಗಸು ಬೇರೆ ಎಂದು ಕಂಪ್ಯೂಟರು ತೀರ್ಮಾನಿಸಿಬಿಟ್ಟಿತ್ತು.

"ಸರಿಪಡಿಸೋಕೆ ಅರ್ಜಿ ಹಾಕಿದ್ದೆನಲ್ಲ? ಸರಿಯಾಯಿತು ಅಂತ ಉತ್ತರವೂ ಬಂದಿದೆ," ಅಂದೆ.

"ಇರಬಹುದು. ನನಗೆ ಕಾಣೋದು ಕೆಂಪು ಅಕ್ಷರ ಒಂದೇ," ಅಂದ. ಒಳ್ಳೆಯ ಮನುಷ್ಯ, ಪಾಪ. ನನ್ನ ಹಿಂದೆ ನಿಂತಿದ್ದವನ ಡಬ್ಬಿಗಳನ್ನು ತೆಗೆದುಕೊಂಡ.

ಪಾರ್ಕಿಂಗ್ ಲಾಟಿನಲ್ಲಿ ಕಾರಿನೊಳಗೆ ಕೂತು ಸ್ಟಿಯರಿಂಗ್ ಗುದ್ದಿದೆ. ಹಾರ್ನು ಕೂಗಿತು. ಬಂಡಿ ತಳ್ಳಿಕೊಂಡು ಹೋಗುತ್ತಿದ್ದ ಹೆಂಗಸೊಬ್ಬಳು ಬೆಚ್ಚಿ ನಿಂತಳು. ಕೈಮುಗಿದೆ. ತೋಟಾ ಮನೆಯಲ್ಲೇ ತುಂಬಿಕೊಳ್ಳುತ್ತೇನೆ ಎಂದು ತೀರ್ಮಾನ ಮಾಡಿದ್ದು ಆ ಕಾರಿನಲ್ಲೇ.

ಒಮ್ಮೆ ಹಾರಿಸಿದ ತೋಟಾದಲ್ಲಿ ಉಳಿಯುವುದು ಖಾಲಿ ಹಿತ್ತಾಳೆಯ ಕೇಸು. ಅದನ್ನು ಒತ್ತಿ ಮೊದಲಿನ ಅಳತೆಗೆ ತರುವುದು, ತಳದಲ್ಲಿ ಕಿಡಿ ಹೊತ್ತಿಸುವ ಪುಟ್ಟ ಬಟ್ಟಲು ಕೂರಿಸುವುದು, ಅದಕ್ಕೆ ಪ್ರೈಮರು ಅನ್ನುತ್ತಾರೆ, ತೂಗಿ ಮದ್ದು ತುಂಬುವುದು, ಮೇಲೆ ಸೀಸದ ಗುಂಡು ಕೂರಿಸಿ ಬಾಯಿ ಬಿಗಿಯುವುದು. ಇಷ್ಟೇ. ಇದಕ್ಕೆ ಬೇಕಾದ ಸಾಮಾನನ್ನು ಬಿಡಿಬಿಡಿಯಾಗಿ ಕೊಂಡರೆ ಯಾವ ಕಂಪ್ಯೂಟರೂ ಕೆಂಪಗಾಗುವುದಿಲ್ಲ. ಬೇಕಾಗಿರುವುದು ಒತ್ತುವ ಒಂದು ಪ್ರೆಸ್ಸು. ಮೇಜಿಗೆ ಬೋಲ್ಟು ಹಾಕಿ ಕೂರಿಸುವ ಕಬ್ಬಿಣದ ಯಂತ್ರ, ಒಂದು ಉದ್ದ ಹ್ಯಾಂಡಲು. ನಮ್ಮ ಕಡೆ ಶಾವಿಗೆ ಒತ್ತುವ ಮಣೆ ಇದ್ದಹಾಗೆಯೇ ಎಂದು ಗಂಡನಿಗೆ ಹೇಳಿದೆ. ಅವರು ಮೈಸೂರಿನವರು. ಶಾವಿಗೆಯನ್ನು ಅಂಗಡಿಯಿಂದ ತಂದೇ ತಿಂದವರು.

ಇದೆಲ್ಲ ಶುರುವಾಗಿದ್ದು ನನ್ನ ಸಹೋದ್ಯೋಗಿಯೊಬ್ಬಳಿಂದ. ನಾನು ಸ್ಯಾನ್ ಫ್ರಾನ್ಸಿಸ್ಕೋದ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ. ಅವಳು ನನ್ನ ಪಕ್ಕದ ಬೆಂಚಿನವಳು, ವಿಯೆಟ್ನಾಂ ಕಡೆಯವಳು, ನನಗಿಂತ ಹತ್ತು ವರ್ಷ ದೊಡ್ಡವಳು. ಒಂದು ಭಾನುವಾರ ತನ್ನ ಕ್ಲಬ್ಬಿಗೆ ಕರೆದುಕೊಂಡು ಹೋಗಿದ್ದಳು. ಗುಡ್ಡದ ಮರೆಯಲ್ಲಿ ತಗಡಿನ ಸೂರು, ಅದರಡಿ ಸಾಲಾಗಿ ಮೇಜುಗಳು, ದೂರದಲ್ಲಿ ಕಾಗದದ ಗುರಿ. ಸದ್ದಿಗೆ ಹೆದರಿಕೊಂಡು ಹೋದವಳಿಗೆ ಹಿಡಿಸಿದ್ದು ಸದ್ದಿಗೆ ಮುಂಚಿನ ಆ ಒಂದು ಉಸಿರು. ಉಸಿರು ಅರ್ಧ ಬಿಟ್ಟು ನಿಲ್ಲಿಸಿದಾಗ ಮೀಟಿಂಗಿಲ್ಲ, ಫ್ರೀವೇ ಇಲ್ಲ, ಸಂಜೆ ಏನು ಅಡುಗೆ ಅನ್ನುವುದಿಲ್ಲ. ಆಮೇಲೆ ಬಿಟ್ಟಿಲ್ಲ. ತಿಂಗಳಿಗೊಂದು ಸಣ್ಣ ಪಂದ್ಯ ಇರುತ್ತದೆ, ಬಹುಪಾಲು ನಿವೃತ್ತರೇ. ಅದರಲ್ಲಿ ಬಳಸುವುದು ಮೂತಿ ಚಪ್ಪಟೆಯಾದ ಗುಂಡು, ಕಾಗದದಲ್ಲಿ ಪಂಚಿಂಗ್ ಮಷಿನ್ನಿನಿಂದ ಒತ್ತಿದ ಹಾಗೆ ದುಂಡನೆಯ ತೂತು ಬೀಳುತ್ತದೆ. ಆ ಬಗೆಯ ತೋಟಾ ಅಂಗಡಿಯಲ್ಲಿ ಸಿಗುವುದೇ ಅಪರೂಪ. ಸಿಕ್ಕರೂ ನನಗೆ ಕೊಡುತ್ತಿರಲಿಲ್ಲವಲ್ಲ.

ಪ್ರೆಸ್ಸಿನಲ್ಲಿ ಮೂರು ಬಗೆ. ಒಂದರಲ್ಲಿ ಹ್ಯಾಂಡಲು ಒಮ್ಮೆ ಎಳೆದರೆ ಒಂದೇ ಕೆಲಸ. ಎಲ್ಲ ಕೇಸುಗಳಿಗೂ ಮೊದಲ ಕೆಲಸ ಮುಗಿಸಿ, ಅಚ್ಚು ಬದಲಿಸಿ, ಎಲ್ಲಕ್ಕೂ ಎರಡನೆಯದು. ಇನ್ನೊಂದರ ತಲೆ ತಿರುಗುತ್ತದೆ, ಅಚ್ಚು ಬದಲಿಸುವ ಕೆಲಸ ತಪ್ಪುತ್ತದೆ. ಮೂರನೆಯದು ದೊಡ್ಡದು, ಎಲ್ಲ ಕೆಲಸ ಒಟ್ಟಿಗೆ ನಡೆದು ಪ್ರತಿ ಎಳೆತಕ್ಕೂ ಒಂದು ಸಿದ್ಧ ತೋಟಾ ಉದುರುತ್ತದೆ.

ಕ್ಲಬ್ಬಿನಲ್ಲಿ ಕೇಳಿದೆ. ಕೇಳಬಾರದಿತ್ತು. "ಮೊದಲನೆಯದು ಕೊಂಡರೆ ಆರು ತಿಂಗಳಿಗೆ ಬೇಸತ್ತು ಮೂರನೆಯದು ಕೊಳ್ಳುತ್ತೀಯ, ಮೊದಲೇ ಅದನ್ನೇ ಕೊಂಡುಬಿಡು," ಅಂದ ಒಬ್ಬ. "ಮೂರನೆಯದು ಕೊಂಡರೆ ಒಂದು ಕೇಸಿಗೆ ಮದ್ದು ಬಿದ್ದಿಲ್ಲ ಅನ್ನೋದು ಗೊತ್ತಾಗೋ ಹೊತ್ತಿಗೆ ಗುಂಡು ನಿನ್ನ ನಳಿಗೆಯಲ್ಲಿ ಸಿಕ್ಕಿಕೊಂಡಿರುತ್ತೆ," ಅಂದ ಪಕ್ಕದವನು. ತಿರುಗುವ ತಲೆಯದನ್ನು ಹೊಗಳಿದವನನ್ನು ನೋಡಿ ಇಬ್ಬರೂ ಸೇರಿ ನಕ್ಕರು. ಇಂಟರ್ನೆಟ್ಟಿನಲ್ಲೂ ಇದೇ ಜಗಳ, ಆದರೆ ಬೈಗುಳದ ಜೊತೆ.

ಮನೆಯಲ್ಲಿ ಗಂಡ. ಅವರು ರೆಡ್‌ವುಡ್ ಸಿಟಿಯಲ್ಲಿ ಸಾಫ್ಟ್‌ವೇರು. ಟೋಸ್ಟರು ಕೊಳ್ಳುವುದಿದ್ದರೂ ವಾರಗಟ್ಟಲೆ ವಿಡಿಯೋ ನೋಡುವವರು, ಅದೂ ಎರಡು ಪಟ್ಟು ವೇಗದಲ್ಲಿ. ಬಂದೂಕಿನ ಬಗ್ಗೆ ಅವರಿಗೆ ಒಂದಿಷ್ಟೂ ಆಸಕ್ತಿಯಿಲ್ಲ, ರೇಂಜಿಗೆ ಒಂದು ಸಲವೂ ಬಂದಿಲ್ಲ. ಆದರೆ ಯಂತ್ರ ಎಂದ ಕೂಡಲೇ ಕೂತುಬಿಟ್ಟರು. ಪಾತ್ರೆ ತೊಳೆಯುತ್ತಿದ್ದರೆ ಹಿಂದಿನಿಂದ ಯಾರೋ ಅಮೆರಿಕನ್ನು ಇಲಿಮರಿಯ ದನಿಯಲ್ಲಿ ಗಡಗಡ ಪ್ರೆಸ್ಸಿನ ಗುಣಗಾನ ಮಾಡುವುದು ಕೇಳಿಸುತ್ತಿತ್ತು.

"ಮೂರನೇದೇ ತಗೊಳೇ. ಎಫಿಶಿಯೆನ್ಸಿ ನೋಡು ಎಷ್ಟಿದೆ," ಅನ್ನುತ್ತಿದ್ದರು.

"ನಾ ಏನ್ ಕಾರ್ಖಾನಿ ಹಾಕೂದಿಲ್ಲರೀ. ತಿಂಗಳಿಗೆ ಒಂದೆರಡು ಡಬ್ಬಿ ಸಾಕು."

"ಮುಂದೆ ಬೇಕಾದ್ರೆ?"

"ಮುಂದ ಬೇಕಾದ್ರ ಮುಂದ ನೋಡೋಣ. ಅದರ ಹ್ಯಾಂಡಲ್ ಯಾವ ಕಡಿ ಐತಿ ಹೇಳ್ರಿ ಮೊದಲ."

ಅವರು ವಿಡಿಯೋ ನಿಲ್ಲಿಸಿ ನೋಡಿದರು. "ಬಲಗಡೆ."

ಎಲ್ಲದರದ್ದೂ ಬಲಗಡೆಯೇ. ನಾನು ಎಡಚಿ.

ಬಲಗೈಯವರಿಗೆ ಇದು ಅರ್ಥವಾಗುವುದಿಲ್ಲ. ಅರ್ಥವಾಗಲಿ ಎಂದು ನಾನು ಆಸೆಪಡುವುದನ್ನೂ ಬಿಟ್ಟಿದ್ದೇನೆ. ಹುಬ್ಬಳ್ಳಿಯಲ್ಲಿ ಅಜ್ಜಿ ನನ್ನ ಎಡಗೈಯ ಮೇಲೆ ಕೂತೇ ಊಟ ಮಾಡಿಸುತ್ತಿದ್ದಳು, ಅಂದರೆ ಆ ಕೈಯನ್ನು ತನ್ನ ತೊಡೆಯ ಕೆಳಗೆ ಒತ್ತಿ ಹಿಡಿದು. ಊಟ ಬಲಗೈಗೆ ಬಂತು. ಬರವಣಿಗೆ ಬರಲಿಲ್ಲ. ಶಾಲೆಯಲ್ಲಿ ಅಕ್ಕೋರು ಗೆಣ್ಣಿನ ಮೇಲೆ ರೂಲುಬಡಿಗೆ ಇಟ್ಟು, "ಸರಸ್ವತಿ ಎಡಗೈಯಾಗ ಬರೂದಿಲ್ಲವಾ," ಅನ್ನುತ್ತಿದ್ದರು. ಪ್ರಸಾದಕ್ಕೆ ಎಡಗೈ ಚಾಚಿದರೆ ಪೂಜಾರಪ್ಪ ತನ್ನ ಕೈ ಹಿಂದಕ್ಕೆಳೆದುಕೊಳ್ಳುತ್ತಿದ್ದ. ಈ ದೇಶಕ್ಕೆ ಬಂದಾಗ, ಇಲ್ಲಿ ಎಡಗೈಯವರಿಗೆಂದೇ ಕತ್ತರಿ ಸಿಗುತ್ತದೆ ಎಂದು ತಿಳಿದು ಎರಡು ಕೊಂಡಿದ್ದೆ, ಒಂದು ಬಳಸಲಿಕ್ಕೆ, ಇನ್ನೊಂದು ಸುಮ್ಮನೆ ಇಟ್ಟುಕೊಳ್ಳಲಿಕ್ಕೆ. ಆದರೆ ರಿವಾಲ್ವರಿನ ಚಕ್ರ ಎಡಕ್ಕೆ ತೆರೆದುಕೊಳ್ಳುವುದು ಬಲಗೈಯವರ ಅನುಕೂಲಕ್ಕೆ. ಹೊಡೆದ ಮೇಲೆ ಪ್ರತಿ ಸಲ ಕೈ ಬದಲಿಸಿ ಒದ್ದಾಡುತ್ತೇನೆ. ಇದೊಂದು ಯಂತ್ರವಾದರೂ ನನ್ನ ಕೈಯದಿರಲಿ ಎಂದು ಹಟ ಹಿಡಿದೆ. ಒಂದು ಎಳೆತಕ್ಕೆ ಒಂದೇ ಕೆಲಸದ ಮೊದಲ ಬಗೆ ಎಂಬುದು ಆಗಲೇ ನಿಕ್ಕಿಯಾಗಿತ್ತು, ಆದರೆ ಹ್ಯಾಂಡಲು ಎಡಗಡೆ ಇರಬೇಕು.

ಪ್ರೆಸ್ಸು ತಯಾರಿಸುವ ಕಂಪನಿಯೊಂದಕ್ಕೆ ಫೋನು ಮಾಡಿದೆ. ಬಹಳ ಹೊತ್ತು ಗಿಟಾರು ಕೇಳಿಸಿದ ಮೇಲೆ ಅಮೆರಿಕದ ದಕ್ಷಿಣ ರಾಜ್ಯಗಳ ಎಳೆದಾಡುವ ಇಂಗ್ಲಿಷಿನವನೊಬ್ಬ ಸಿಕ್ಕ.

"ಎಡಗಡೆ ಹ್ಯಾಂಡಲಿನದು ನಾವು ಮಾಡೋದಿಲ್ಲ, ಮ್ಯಾಮ್. ನಿಮಗೆ ಬೇಕಾಗೋದೂ ಇಲ್ಲ."

"ನನಗೆ ಬೇಕೋ ಬೇಡವೋ ನಿಮಗೆ ಹೇಗೆ ಗೊತ್ತು?"

"ಎಡಗೈಯವರು ಎಷ್ಟೋ ಜನ ಕೊಂಡಿದ್ದಾರೆ. ಖುಷಿಯಾಗಿದ್ದಾರೆ. ಸ್ವಲ್ಪ ದಿನ ಬಳಸಿ ನೋಡಿ, ಅಭ್ಯಾಸ ಆಗುತ್ತೆ."

ಅಭ್ಯಾಸ ಆಗುತ್ತದೆ. ಅಜ್ಜಿಯ ಮಾತು, ಅಕ್ಕೋರ ಮಾತು, ಈಗ ಇವನ ಬಾಯಲ್ಲಿ. ನೀವು ಯಾವತ್ತಾದರೂ ಎಡಗೈಯಲ್ಲಿ ಸಹಿ ಹಾಕಿದ್ದೀರಾ ಎಂದು ಕೇಳಿದೆ. ಅವನು ನಕ್ಕ, ಕೆಟ್ಟದಾಗೇನಲ್ಲ. ನಾನು ಫೋನು ಕುಕ್ಕಿದೆ.

ಆಮೇಲೆ ಹಳೆಯ ಸಾಮಾನು ಮಾರುವ ಜಾಲತಾಣದಲ್ಲಿ ಒಂದು ಜಾಹೀರಾತು ಕಂಡಿತು. ಹಳೆಯ ಗಟ್ಟಿ ಪ್ರೆಸ್ಸು, ಹ್ಯಾಂಡಲು ಯಾವ ಕಡೆಗಾದರೂ ಆಗುತ್ತದೆ ಎಂದು ಬರೆದಿತ್ತು. ಮಾರುವವನು ಇದ್ದದ್ದು ಕೊಲ್ಲಿಯ ಆ ತುದಿಯ ವಾಯೆಹೋ ಎಂಬ ಊರಲ್ಲಿ. ಶನಿವಾರ ಹೊರಟೆವು. ಗಂಡ ಜೊತೆಗೆ ಬಂದದ್ದು, ಅಪರಿಚಿತರ ಗ್ಯಾರೇಜಿಗೆ ಒಬ್ಬಳೇ ಹೋಗಬೇಡ ಎಂದು. ಫ್ರೀವೇಯಲ್ಲಿ ಎಲ್ಲೋ ಲಾರಿ ಮಗುಚಿ, ತೆವಳಿ ತೆವಳಿ ಹೋಗಿ ಮುಟ್ಟುವಷ್ಟರಲ್ಲಿ ಕಟ್ಟಿಕೊಂಡು ಹೋಗಿದ್ದ ಚಪಾತಿ ಪಲ್ಯ ಕಾರಿನಲ್ಲೇ ಮುಗಿದಿತ್ತು.

ಗ್ಯಾರೇಜಿನ ಬಾಗಿಲು ತೆರೆದವನು ಉಣ್ಣೆಯ ಚಪ್ಪಲಿ ತೊಟ್ಟ ಮುದುಕ. ಪ್ರೆಸ್ಸಿನ ಮೈತುಂಬ ಕೆಂಪು ತುಕ್ಕು. ಹ್ಯಾಂಡಲು ಬಲಗಡೆ. ಬದಲಿಸುವ ಜಾಗವೇ ಅದರಲ್ಲಿರಲಿಲ್ಲ.

"ಯಾವ ಕಡೆಗಾದರೂ ಆಗುತ್ತೆ ಅಂತ ಬರೆದಿದ್ದಿರಿ," ಅಂದೆ.

"ಆಗುತ್ತಲ್ಲ," ಅಂದ. ಮೇಜನ್ನು ಸುತ್ತಿ ಆ ಕಡೆ ಹೋಗಿ ಪ್ರೆಸ್ಸಿನ ಬೆನ್ನ ಹಿಂದೆ ನಿಂತು ತೋರಿಸಿದ. "ಇಲ್ಲಿ ನಿಂತರೆ ಎಡಗಡೆ."

ತಮಾಷೆ ಮಾಡುತ್ತಿದ್ದಾನೆಯೇ ಎಂದು ಮುಖ ನೋಡಿದೆ. ಇಲ್ಲ. ಗಂಡ ನಗು ತಡೆಯಲಾರದೆ ಕಾರಿನ ಹತ್ತಿರ ಹೋಗಿಬಿಟ್ಟರು. ನಾನು ನಗಲಿಲ್ಲ. ವಾಪಸು ಬರುವಾಗ ಬೆನಿಶಿಯಾ ಸೇತುವೆಯ ಮೇಲೆ ಗಂಡ, "ಹೋಗ್ಲಿ ಬಿಡು, ನೀನು ಮೇಜಿನ ಆ ಕಡೆ ನಿಂತ್ಕೋಬಹುದಿತ್ತು," ಅಂದಾಗ ರೇಡಿಯೋ ಸದ್ದು ಏರಿಸಿದೆ.

ಕೊನೆಗೆ ಹ್ಯಾಂಡಲನ್ನು ನಿಜವಾಗಿಯೂ ಎರಡೂ ಕಡೆಗೆ ಹಾಕಬಹುದಾದ ಪ್ರೆಸ್ಸು ಒಂದಿದೆ ಎಂದು ತಿಳಿಯಿತು. ಬೇರೆಯವಕ್ಕಿಂತ ಭಾರ, ಬೆಲೆಯೂ ಹೆಚ್ಚು, ಡಬ್ಬ ತೆರೆದರೆ ವಾಪಸು ತೆಗೆದುಕೊಳ್ಳುವುದಿಲ್ಲ. ಆರ್ಡರು ಮಾಡಿದೆ. ಸ್ಟಾಕಿಲ್ಲ ಎಂದು ಈಮೇಲು. ಬಂತು ಎಂದು ಇನ್ನೊಂದು. ಇಲ್ಲ, ತಪ್ಪಾಯಿತು, ಬಂದಿಲ್ಲ ಎಂದು ಮತ್ತೊಂದು. ಮಳೆಗಾಲ ಮುಗಿದು ಗುಡ್ಡಗಳ ಹಸಿರು ಹಳದಿಗೆ ತಿರುಗುವ ಹೊತ್ತಿಗೆ ಒಂದು ಮಧ್ಯಾಹ್ನ ಡಬ್ಬ ಬಾಗಿಲಿಗೆ ಬಂತು. ಒಂದು ಮೂಲೆ ಹರಿದಿತ್ತು. ಒಳಗೆ ಪ್ರೆಸ್ಸು ಇತ್ತು, ಹ್ಯಾಂಡಲು ಇರಲಿಲ್ಲ. ಹರಿದ ಮೂಲೆಯಿಂದ ಅಮೆರಿಕದ ಯಾವುದೋ ಹೆದ್ದಾರಿಯಲ್ಲಿ ಜಾರಿ ಬಿದ್ದಿರಬೇಕು. ಕಂಪನಿಗೆ ಬರೆದೆ. ಕಳಿಸುತ್ತೇವೆ, ತಾಳ್ಮೆಯಿರಲಿ, ಅಂದರು.

ಭಾರದ ಆ ಡಬ್ಬವನ್ನು ನಡುಮನೆಯಲ್ಲೇ, ಶೂ ಸ್ಟ್ಯಾಂಡಿನ ಪಕ್ಕ ಬಿಟ್ಟಿದ್ದೆ. ಶಾಲೆಯಿಂದ ಬಂದ ಮಗಳು ಅದರ ಮೇಲಿನ ಚಿತ್ರ ನೋಡಿದಳು. ಅವಳಾಗ ಹನ್ನೊಂದನೇ ಗ್ರೇಡು. ಕನ್ನಡ ಎಲ್ಲ ಅರ್ಥವಾಗುತ್ತದೆ, ಉತ್ತರ ಬರುವುದು ಇಂಗ್ಲಿಷಿನಲ್ಲಿ, ಸಿಟ್ಟು ಬಂದಾಗ ಮಾತ್ರ ಅಪ್ಪನ ಮೈಸೂರು ಕನ್ನಡ ನಾಲಿಗೆಗೆ ಬರುತ್ತದೆ.

"ಅಮ್ಮಾ, ವಾಟ್ ಈಸ್ ದಿಸ್?"

ಹೇಳಿದೆ.

"ಮನೇಲಿ ಬುಲೆಟ್ಸ್ ಮಾಡ್ತೀಯಾ?"

"ಗ್ಯಾರೇಜಿನ್ಯಾಗ. ಬರೇ ಕಾಗದಕ್ಕ ಹೊಡಿಯಾಕ, ನಿನಗ ಗೊತ್ತೈತಲ್ಲ."

ರಿವಾಲ್ವರು ಮನೆಯಲ್ಲಿರುವುದು ಅವಳಿಗೆ ಗೊತ್ತಿತ್ತು. ಕಬ್ಬಿಣದ ಪೆಟ್ಟಿಗೆಯೊಳಗೆ, ಬೀಗದೊಳಗೆ. ಅದರ ಬಗ್ಗೆ ಅವಳು ಎಂದೂ ಮಾತಾಡಿರಲಿಲ್ಲ, ನಾನು ಅದನ್ನೇ ಒಪ್ಪಿಗೆ ಅಂದುಕೊಂಡಿದ್ದೆ. ಈಗ ಬೆನ್ನಿನ ಚೀಲ ಇಳಿಸದೆಯೇ ನಿಂತಿದ್ದಳು.

"ಕೊಂಡ್ಕೊಂಡು ಬರೋದು ಬೇರೆ. ಮನೇಲಿ ಮಾಡೋದು ಬೇರೆ."

"ಏನ್ ಬ್ಯಾರೆ?"

"ಐ ಡೋಂಟ್ ನೋ. ಬೇರೆ ಅಷ್ಟೆ." ಶೂ ಸ್ಟ್ಯಾಂಡಿನ ಕಡೆ ನೋಡಿ, "ಮಿಣುಕೋ ಶೂಸ್ ನೆನಪಿದ್ಯಾ ನಿಂಗೆ?" ಅಂದಳು.

ನೆನಪಿತ್ತು. ಎರಡನೇ ಗ್ರೇಡಿನಲ್ಲಿದ್ದಾಗ ಅತ್ತು ಕರೆದು ಕೊಡಿಸಿಕೊಂಡಿದ್ದಳು. ಹೆಜ್ಜೆ ಇಟ್ಟರೆ ಹಿಮ್ಮಡಿಯಲ್ಲಿ ಕೆಂಪು ನೀಲಿ ದೀಪ ಹೊತ್ತುತ್ತಿದ್ದವು. ಒಂದು ವಾರ ಹಾಕಿಕೊಂಡು, ಆಮೇಲೆ ಏನು ಮಾಡಿದರೂ ಮುಟ್ಟಲಿಲ್ಲ. ಗೊಣಗಿಕೊಂಡೇ ಯಾರಿಗೋ ಕೊಟ್ಟುಬಿಟ್ಟಿದ್ದೆ. ಮಕ್ಕಳ ಚಂಚಲ ಬುದ್ಧಿ ಎಂದು.

"ಡ್ರಿಲ್‌ನಲ್ಲಿ ಸ್ಕೂಲಿಗೆ ಯಾರಾದ್ರೂ ಗನ್ ಹಿಡ್ಕೊಂಡು ಬಂದ್ರೆ ಅಂತ ಲೈಟ್ ಆಫ್ ಮಾಡಿ ಎಲ್ಲರೂ ಮೂಲೇಲಿ ಕೂತಿದ್ವಿ. ಸೌಂಡ್ ಮಾಡಬಾರದು. ನಾನು ಸ್ವಲ್ಪ ಅಲ್ಲಾಡ್ದೆ, ಶೂ ಬ್ಲಿಂಕ್ ಆಯ್ತು. ಟೀಚರ್ ಬಂದು ಎರಡೂ ಕೈಯಲ್ಲಿ ನನ್ನ ಶೂ ಮುಚ್ಚಿ ಹಿಡ್ಕೊಂಡ್ರು, ಡ್ರಿಲ್ ಮುಗಿಯೋವರೆಗೂ. ಅದು ಬರೀ ಪ್ರ್ಯಾಕ್ಟೀಸು, ಅಮ್ಮಾ. ಆದ್ರೂ ಬಿಡ್ಲಿಲ್ಲ."

"ನನಗ ಹೇಳಲೇ ಇಲ್ಲಲ್ಲ ನೀ."

"ಏನ್ ಹೇಳ್ಲಿ? ನಿಂಗೆ ಶೂ ವೇಸ್ಟ್ ಆಯ್ತು ಅಂತ ಕೋಪ ಬಂದಿತ್ತು."

ಮಹಡಿ ಹತ್ತಿ ಹೋಗಿಬಿಟ್ಟಳು. ನಾನು ಡಬ್ಬದ ಪಕ್ಕ ಮೆಟ್ಟಿಲ ಮೇಲೆ ಕೂತೆ. ಅವಳ ಮಾತು ಸುಳ್ಳಲ್ಲ. ನಾನು ಮಾಡುತ್ತಿದ್ದದ್ದು ತಪ್ಪು ಎಂದೂ ನನಗೆ ಅನ್ನಿಸಲಿಲ್ಲ. ಎರಡೂ ಒಂದೇ ಮನೆಯಲ್ಲಿ ಹಿಡಿಸುತ್ತಿರಲಿಲ್ಲ. ಯಾರ ಮೇಲಾದರೂ ಕೂಗಾಡಿದ್ದರೆ ಹಗುರಾಗುತ್ತಿತ್ತು. ಕೂಗಾಡಲು ಯಾರೂ ಇರಲಿಲ್ಲ. ಸಂಜೆ ಬಂದ ಗಂಡನ ಮೇಲೆ, ಬೂಟು ಎಲ್ಲೆಂದರಲ್ಲಿ ಬಿಡುತ್ತೀರಿ ಎಂದು ಕೂಗಾಡಿದೆ.

ಅವಳ ಅಪ್ಪ ನಡುವೆ ಓಡಾಡಿ ಒಂದು ಒಪ್ಪಂದ ತಂದರು. ಪ್ರೆಸ್ಸನ್ನು ಗ್ಯಾರೇಜಿನ ಮೇಜಿಗೆ ಖಾಯಂ ಬೋಲ್ಟು ಹಾಕಕೂಡದು. ಅವಳು ಮನೆಯಲ್ಲಿದ್ದಾಗ ಅದು ಹೊರಗೆ ಕಾಣಕೂಡದು. ಅಂದರೆ ದಪ್ಪ ಹಲಗೆಯೊಂದಕ್ಕೆ ಕೂರಿಸಿ, ಬೇಕಾದಾಗ ಮೇಜಿಗೆ ಕ್ಲ್ಯಾಂಪು ಬಿಗಿದು, ಮುಗಿದ ಮೇಲೆ ಬಿಚ್ಚಿ ಬೀರುವಿನೊಳಗೆ ಇಡಬೇಕು. ಇದನ್ನು ಮೊದಲೇ ಹೇಳಿದ್ದರೆ ಆನೆಯಂಥ ಈ ಭಾರದ್ದನ್ನು ಕೊಳ್ಳುತ್ತಿರಲಿಲ್ಲ. ಹಗುರಾದವು ಎಷ್ಟೋ ಇದ್ದವು. ಎಲ್ಲವೂ ಬಲಗೈಯವು, ಅದು ಬೇರೆ ಮಾತು.

ಹ್ಯಾಂಡಲು ಬರುವವರೆಗೆ ಸುಮ್ಮನಿರುವುದೇಕೆ, ಕೆಲಸ ಕಲಿ ಎಂದು ಸಹೋದ್ಯೋಗಿ ಕ್ಯಾಸ್ಟ್ರೋ ವ್ಯಾಲಿಯ ತನ್ನ ಮನೆಗೆ ಕರೆದಳು. ಅವಳ ಗ್ಯಾರೇಜಿನಲ್ಲಿ ಹಳೆಯ ಪ್ರೆಸ್ಸು, ಅತಿ ಸಾಧಾರಣದ್ದು, ಹ್ಯಾಂಡಲು ಬಲಗಡೆ. ನಾನು ಹೋಗಿದ್ದು ಕಲಿಯುವುದಕ್ಕಿಂತ ಹೆಚ್ಚಾಗಿ, ಇದು ನನಗೆ ಹೇಗೆ ಆಗುವುದಿಲ್ಲ ಎಂದು ಅವಳಿಗೆ ತೋರಿಸಿಕೊಡಲು.

ಅವಳು ಸ್ಟೂಲಿನ ಮೇಲೆ ಕೂರಿಸಿ, ಎಡಗಡೆ ಖಾಲಿ ಕೇಸುಗಳ ತಟ್ಟೆ ಇಟ್ಟಳು. ಎಡಗೈಯಿಂದ ಒಂದು ಕೇಸು ತೆಗೆದು ಕಚ್ಚಿನಲ್ಲಿ ಕೂರಿಸಿ, ಬಲಗೈಯಿಂದ ಹ್ಯಾಂಡಲು ಎಳೆದೆ. ಮತ್ತೊಂದು. ಆಮೇಲೆ ಗುಂಡು ಕೂರಿಸುವ ಕೆಲಸ. ಬೆರಳ ತುದಿಯಷ್ಟಿರುವ ಸೀಸದ ತುಂಡನ್ನು ಕೇಸಿನ ಬಾಯ ಮೇಲೆ ನೆಟ್ಟಗೆ ನಿಲ್ಲಿಸಿ, ಅದು ವಾಲದ ಹಾಗೆ ಹಿಡಿದು, ಅಚ್ಚಿನೊಳಗೆ ಹೋಗುವ ಕೊನೆಯ ಗಳಿಗೆಗೆ ಬೆರಳು ತೆಗೆಯಬೇಕು. ನಾಜೂಕು ಇರುವುದು ಅಲ್ಲಿ. ಹ್ಯಾಂಡಲಿಗೆ ಬೇಕಾದದ್ದು ತೋಳು, ಬುದ್ಧಿಯಲ್ಲ. ಎಡಗೈ ತನ್ನಷ್ಟಕ್ಕೆ ತಾನು ಕೂರಿಸುತ್ತ ಹೋಯಿತು. ಒಂದೂ ವಾಲಲಿಲ್ಲ.

"ನನಗೆ ಶುರುವಿನಲ್ಲಿ ಎಷ್ಟು ವಾಲುತ್ತಿತ್ತು ಗೊತ್ತಾ?" ಅಂದಳು ಅವಳು, ಬಲಗೈಯವಳು. "ಎಡಗೈಗೆ ಇದು ಕಲಿಸೋಕೆ ತಿಂಗಳುಗಟ್ಟಲೆ ಬೇಕಾಯಿತು. ನಿನಗೆ ಇದು ಬಂದೇ ಇದೆ. ಇಷ್ಟು ವರ್ಷ ಮೈಕ್ರೋಟೋಮ್ ತಿರುಗಿಸಿಲ್ಲವಾ?"

ಆಗ ಹೊಳೆಯಿತು, ಹೊಳೆದದ್ದಕ್ಕೇ ಮೈಯೆಲ್ಲ ಉರಿಯಿತು. ಲ್ಯಾಬಿನಲ್ಲಿ ನಮ್ಮ ಕೆಲಸ, ರೋಗಿಗಳ ಅಂಗಾಂಶದ ತುಣುಕನ್ನು ಮೇಣದಲ್ಲಿ ಕೂರಿಸಿ, ಉಸಿರು ತಾಗಿದರೆ ಹಾರುವಷ್ಟು ತೆಳ್ಳಗೆ ಸೀಳುವುದು. ಸೀಳುವ ಯಂತ್ರವೇ ಮೈಕ್ರೋಟೋಮು, ಅದರ ಚಕ್ರ ಬಲಗಡೆ. ಬಲಗೈ ತಿರುಗಿಸುತ್ತದೆ, ಎಡಗೈ ಕುಂಚದ ತುದಿಯಲ್ಲಿ ಆ ಪದರವನ್ನು ಎತ್ತಿ ನೀರಿನ ಮೇಲೆ ತೇಲಿಬಿಡುತ್ತದೆ. ಇಪ್ಪತ್ತು ವರ್ಷದಿಂದ ಹೊಟ್ಟೆಪಾಡಿಗೆ ಮಾಡುತ್ತಿರುವುದು ಅದನ್ನೇ. ಲ್ಯಾಬಿನಲ್ಲಿ ನನ್ನ ಪದರಗಳು ಹರಿಯುವುದಿಲ್ಲ ಎಂದು ಹೊಸಬರನ್ನು ನನ್ನ ಪಕ್ಕ ಕೂರಿಸುತ್ತಾರೆ. ಅಲ್ಲಿ ಒಂದು ದಿನವೂ ಎಡಗಡೆ ಚಕ್ರ ಬೇಕು ಅಂದವಳಲ್ಲ ನಾನು.

ಫೋನಿನ ಆ ಮನುಷ್ಯ ಹೇಳಿದ್ದು ಸರಿ. ನಿಮಗೆ ಬೇಕಾಗೋದಿಲ್ಲ, ಮ್ಯಾಮ್. ಜೀವಮಾನವೆಲ್ಲ ಈ ಮಾತು ಹೇಳಿದವರೆಲ್ಲ ತಪ್ಪಾಗಿದ್ದರು, ಒಬ್ಬನು ಮಾತ್ರ ಸರಿಯಾಗಿದ್ದ, ನಾನು ಫೋನು ಕುಕ್ಕಿದ್ದು ಅವನಿಗೆ. ಸಮಾಧಾನವಾಗಬೇಕಿತ್ತು. ಆಗಲಿಲ್ಲ. ವಾಯೆಹೋದ ದಾರಿ, ತಿಂಗಳುಗಟ್ಟಲೆಯ ಈಮೇಲು, ಬೀರುವಿನಲ್ಲಿ ಕೂತ ಆ ಭಾರ, ಎಲ್ಲವೂ ಒಟ್ಟಿಗೆ ನೆನಪಾಗಿ, ಅವಳು ಕೊಟ್ಟ ಕಾಫಿಯನ್ನು ಅರ್ಧಕ್ಕೇ ಬಿಟ್ಟು ಬಂದೆ.

ಗಂಡನಿಗೆ ಹೇಳಿದಾಗ ಅವರು ನಗಲಿಲ್ಲ. ನಗದೆ ಇರಲು ಎಷ್ಟು ಕಷ್ಟಪಡುತ್ತಿದ್ದಾರೆ ಎಂದು ಕಿವಿಯ ಬಣ್ಣದಲ್ಲೇ ಕಾಣುತ್ತಿತ್ತು. "ನಕ್ಕುಬಿಡ್ರಿ ಅತ್ಲಾಗ," ಅಂದೆ. ನಕ್ಕರು. ಬಹಳ ಹೊತ್ತು.

ಮರುವಾರ ಹ್ಯಾಂಡಲು ಬಂತು. ಇಷ್ಟಾದ ಮೇಲೂ ಅದನ್ನು ಎಡಗಡೆಗೇ ಹಾಕಿದೆ. ಕಾದಿದ್ದು ಅದಕ್ಕೆ, ದುಡ್ಡು ಕೊಟ್ಟದ್ದು ಅದಕ್ಕೆ. ಎಡಗೈ ಹ್ಯಾಂಡಲಿನ ಮೇಲೆ ಆರಾಮಾಗಿ ಕೂತಿತು. ಬಲಗೈ ಗುಂಡು ಕೂರಿಸಲು ಹೋಗಿ ಬೀಳಿಸಿತು. ಎತ್ತಿಕೊಂಡೆ, ಮತ್ತೆ ಬಿತ್ತು, ಕಾರಿನ ಕೆಳಗೆ ಉರುಳಿತು. ಒಂದು ಓರೆಯಾಗಿ ಕೂತು ಕೇಸಿನ ಬಾಯನ್ನೇ ಸೊಟ್ಟ ಮಾಡಿತು. ಅಜ್ಜಿ ಅಷ್ಟು ವರ್ಷ ತಿದ್ದಿದ ಬಲಗೈಗೆ ಅನ್ನ ಕಲಸುವುದು ಬಿಟ್ಟರೆ ಏನೂ ಬರುತ್ತಿರಲಿಲ್ಲ. ಊಟದ ಹೊತ್ತಿಗೆ ಸ್ಪ್ಯಾನರು ತಂದು ಹ್ಯಾಂಡಲನ್ನು ಬಿಚ್ಚಿ ಬಲಗಡೆಗೆ ಹಾಕಿದೆ. ಎಡಗಡೆಯ ತೂತನ್ನು ಮುಚ್ಚಲು ಕಂಪನಿಯವರು ಕೊಟ್ಟಿದ್ದ ಪ್ಲಾಸ್ಟಿಕ್ಕಿನ ಬಿರಡೆಯನ್ನು ಜೋರಾಗಿಯೇ ಒತ್ತಿದೆ.

ಮೊದಲ ಐವತ್ತು ತೋಟಾ ಮುಗಿಯಲು ಎರಡು ಶನಿವಾರ ಹಿಡಿಯಿತು. ಒಂದರಲ್ಲಿ ಪ್ರೈಮರನ್ನು ತಲೆಕೆಳಗಾಗಿ ಕೂರಿಸಿದ್ದೆ, ಅದನ್ನು ಬೇರೆ ಇಟ್ಟೆ. ಮದ್ದನ್ನು ಪ್ರತಿ ಸಲವೂ ತೂಗಿದೆ, ತುಂಬಿದ ಕೇಸುಗಳನ್ನೆಲ್ಲ ಹಲಗೆಯಲ್ಲಿ ನಿಲ್ಲಿಸಿ ಟಾರ್ಚು ಬಿಟ್ಟು ಒಳಗೆ ನೋಡಿದೆ. ಅಷ್ಟು ಜೋಪಾನ ನನಗೆ ಹೊಸದಲ್ಲ. ಪಂದ್ಯದಲ್ಲಿ ಎಲ್ಲವೂ ಹಾರಿದವು. ಅಂಕ ಮಾತ್ರ ಮೊದಲಿನಷ್ಟೇ, ಒಂದೆರಡು ಕಡಿಮೆಯೇ ಬಂದವು. ಸ್ವಂತ ತೋಟಾ ತುಂಬಿದರೆ ಗುರಿ ಸುಧಾರಿಸುತ್ತದೆ ಎಂದು ಇಂಟರ್ನೆಟ್ಟಿನಲ್ಲಿ ಎಲ್ಲರೂ ಬರೆದಿದ್ದರು. ಜಗಳವಿಲ್ಲದೆ ಅವರೆಲ್ಲ ಒಪ್ಪಿದ್ದ ಸಂಗತಿ ಅದೊಂದೇ.

ಈಗ ಶನಿವಾರ ಬೆಳಿಗ್ಗೆ ಮಗಳು ಪಬ್ಲಿಕ್ ಲೈಬ್ರರಿಗೆ ವಾಲಂಟಿಯರಾಗಿ ಹೋಗುತ್ತಾಳೆ. ಅವಳ ಕಾರು ತಿರುವು ದಾಟಿದ ಮೇಲೆ ನಾನೂ ಗಂಡನೂ ಹಲಗೆಯನ್ನು ಬೀರುವಿನಿಂದ ಎತ್ತಿ ತರುತ್ತೇವೆ. ಅವರ ಸೊಂಟ ನೋಯುತ್ತದೆ, ಹಗುರಾದ್ದು ತಗೋಬೇಕಿತ್ತು ಎಂದು ಪ್ರತಿ ವಾರ ಹೇಳುತ್ತಾರೆ. ಸೋನಾಮಸೂರಿ ಮೂಟೆಗಳನ್ನು ಸರಿಸಿ, ಕ್ಲ್ಯಾಂಪು ಬಿಗಿದು, ತಕ್ಕಡಿ ಮಟ್ಟ ಮಾಡಿ ಕೂರುವಷ್ಟರಲ್ಲೇ ಹೊತ್ತು ಏರಿರುತ್ತದೆ. ಕೈ ಹದಕ್ಕೆ ಬಂದು, ಲಯ ಸಿಕ್ಕಿತು ಅನ್ನುವಾಗ ಫೋನು ಒಮ್ಮೆ ನಡುಗುತ್ತದೆ. ಮಗಳ ಮೆಸೇಜು: ಹೊರಟಿದ್ದೇನೆ ಎಂದು, ಇಂಗ್ಲಿಷಿನಲ್ಲಿ, ಒಂದೇ ಪದ.

ಬೇರೆ ಯಾವ ದಿನವೂ ಅವಳು ಎಲ್ಲಿಂದ ಹೊರಟರೂ ತಿಳಿಸುವುದಿಲ್ಲ. ಎಲ್ಲಿದ್ದೀಯಾ ಎಂದು ನಾನೇ ಕೇಳಿ ಕೇಳಿ ಸಾಕಾಗಬೇಕು. ಶನಿವಾರ ಮಾತ್ರ ತಪ್ಪಿಸುವುದಿಲ್ಲ. ಲೈಬ್ರರಿಯಿಂದ ಮನೆಗೆ ಹತ್ತು ನಿಮಿಷದ ದಾರಿ, ಅವಳು ಅರ್ಧ ಗಂಟೆ ತೆಗೆದುಕೊಳ್ಳುತ್ತಾಳೆ. ಎಲ್ಲೋ ಪಾರ್ಕು ಮಾಡಿಕೊಂಡು ಕೂತಿರುತ್ತಾಳೆ ಎಂದು ಅವಳ ಅಪ್ಪ ಹೇಳುತ್ತಾರೆ. ಅದರ ಬಗ್ಗೆ ನಾವು ಮಾತಾಡಿಲ್ಲ. ಅವಳ ಮನಸ್ಸು ಬದಲಾಗಿಲ್ಲ, ನನ್ನದೂ ಇಲ್ಲ.

ನಾನು ಬೈದುಕೊಳ್ಳುತ್ತಲೇ ಮದ್ದನ್ನು ಅದರ ಡಬ್ಬಿಗೆ ಸುರಿದು ಮುಚ್ಚಳ ತಿರುಗಿಸುತ್ತೇನೆ. ಪ್ರೈಮರು ಕೂರಿಸಿ ಹಾಗೇ ಉಳಿದ ಕೇಸುಗಳು ಬಾಯಿ ತೆರೆದುಕೊಂಡು ತಟ್ಟೆಯಲ್ಲಿ ನಿಂತಿರುತ್ತವೆ, ಇನ್ನೊಂದು ವಾರಕ್ಕೆ. ಗಂಡ ಹಲಗೆಯ ಆ ಕಡೆ ಹಿಡಿಯುತ್ತಾರೆ.

"ಎತ್ತೂಣು?" ಅನ್ನುತ್ತೇನೆ.

"ತಾಳು, ಸೊಂಟ," ಅನ್ನುತ್ತಾರೆ.